ವಿ.ಕೆ. ಮೂರ್ತಿ: ಎರಡು ಕನ್ನಡಿ, ಉಳಿದದ್ದೆಲ್ಲ ಕತ್ತಲೆ

ಛಾಯಾಗ್ರಹಣದ ತರಗತಿಯಲ್ಲಿ ಹಿಂದಿ ಚಿತ್ರರಂಗದ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಅವರ ಹೆಸರೆತ್ತಿದರೆ ಸಾಕು, ವಿದ್ಯಾರ್ಥಿಗಳು ಒಂದೇ ದೃಶ್ಯವನ್ನು ಕೇಳುತ್ತಾರೆ. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಖಾಲಿ ಸ್ಟುಡಿಯೋದ ಎತ್ತರದಿಂದ ನೆಲಕ್ಕಿಳಿಯುವ ಬಿಸಿಲುಕೋಲು, ಅದರ ಆಚೀಚೆ ಚಿತ್ರದ ನಿರ್ದೇಶಕ-ನಟ ಗುರುದತ್ ಮತ್ತು ನಟಿ ವಹೀದಾ ರೆಹಮಾನ್. ಅದನ್ನು ಎರಡು ದೊಡ್ಡ ಕನ್ನಡಿಗಳಿಂದ ಸಾಧಿಸಿದರು ಎಂಬ ಕಥೆಯೂ ಬಾಯಿಪಾಠವಾಗಿಬಿಟ್ಟಿದೆ. ಕಥೆ ನಿಜ. ಆದರೆ ಮಾತು ಕನ್ನಡಿಗೇ ಮುಗಿದುಹೋಗುವುದು ನನ್ನ ತಕರಾರು. ಕನ್ನಡಿಯನ್ನು ಯಾರಾದರೂ ಹಿಡಿಯಬಹುದು. ಅದರ ಸುತ್ತಲಿನ ಕತ್ತಲೆಯನ್ನು ಅಷ್ಟು ಹದವಾಗಿ ಕಾಯ್ದುಕೊಳ್ಳುವುದು ಕಸುಬು ಗೊತ್ತಿದ್ದವರಿಗೆ ಮಾತ್ರ ಸಾಧ್ಯ.

ಮೊದಲು ಕನ್ನಡಿಯ ವಿಷಯ. ಸ್ಟುಡಿಯೋದ ಆರ್ಕ್ ದೀಪ ಎಷ್ಟೇ ದೊಡ್ಡದಿರಲಿ, ಅದು ಇರುವುದು ಕೆಲವು ಅಡಿಗಳ ದೂರದಲ್ಲಿ. ಅದರ ಕಿರಣಗಳು ಮುಂದೆ ಹೋದಂತೆ ಬಿಚ್ಚಿಕೊಳ್ಳುತ್ತವೆ, ಬೆಳಕಿನ ಕೋಲು ಕಹಳೆಯಂತೆ ಬಾಯಿ ತೆರೆಯುತ್ತದೆ. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ಅವನ ಕಿರಣಗಳು ನಮ್ಮ ಲೆಕ್ಕಕ್ಕೆ ಸಮಾನಾಂತರ. ಆ ನೇರವಾದ ಅಂಚು ಬೇಕಿದ್ದರೆ ಸೂರ್ಯನನ್ನೇ ಒಳಗೆ ಕರೆತರಬೇಕು. ಮೂರ್ತಿ ಹೊರಗೊಂದು ಕನ್ನಡಿಯಿಟ್ಟು ಬಿಸಿಲನ್ನು ಹಿಡಿದರು. ಅದನ್ನು ಒಳಗೆ ಎತ್ತರದಲ್ಲಿದ್ದ ಇನ್ನೊಂದು ಕನ್ನಡಿಗೆ ಹಾಯಿಸಿ ನೆಲಕ್ಕಿಳಿಸಿದರು.

ಇಷ್ಟಕ್ಕೇ ಕೋಲು ಕಾಣುವುದಿಲ್ಲ. ಗಾಳಿಯಲ್ಲಿ ಹೊಗೆಯೋ ಧೂಳೋ ಇಲ್ಲದಿದ್ದರೆ ನೆಲದ ಮೇಲೊಂದು ಬೆಳಕಿನ ಮಚ್ಚೆ ಮಾತ್ರ ಕಾಣುತ್ತದೆ. ಹೊಗೆ ಹೆಚ್ಚಾದರೆ ಚೌಕಟ್ಟೆಲ್ಲ ಮಬ್ಬಾಗಿ ಕಪ್ಪು ಸಾಯುತ್ತದೆ. ಜೊತೆಗೆ ಸೂರ್ಯ ನಮಗಾಗಿ ನಿಲ್ಲುವವನಲ್ಲ. ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ. ಐವತ್ತು ಅಡಿ ದೂರದಲ್ಲಿ ಒಂದು ಡಿಗ್ರಿ ಎಂದರೆ ಹತ್ತು ಇಂಚಿಗೂ ಮಿಕ್ಕಿದ ಅಂತರ. ನಟರು ನಿಲ್ಲಬೇಕಾದ ಗುರುತಿನಿಂದ ಬೆಳಕು ಅಷ್ಟು ಸರಿದರೆ ಶಾಟ್ ಕೆಟ್ಟಂತೆಯೇ. ಇಂಥ ಏರ್ಪಾಡಿನಲ್ಲಿ ಕನ್ನಡಿಯನ್ನು ಎಳೆ ಎಳೆಯಷ್ಟೇ ತಿರುಗಿಸುತ್ತ ಒಬ್ಬ ಲೈಟ್ ಬಾಯ್ ಬಿಸಿಲಿನಲ್ಲಿ ನಿಂತಿರಲೇಬೇಕು. ಆ ಕಾಲದ ಶೀರ್ಷಿಕೆಗಳಲ್ಲಿ ಅಂಥವರ ಹೆಸರು ಸಾಮಾನ್ಯವಾಗಿ ಬರುತ್ತಿರಲಿಲ್ಲ.

ಈ ಚಿತ್ರ ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ, ಚಿತ್ರವೂ ಹೌದು. ಅದಕ್ಕೆ ಬಳಸುವ ಅನಮಾರ್ಫಿಕ್ ಲೆನ್ಸ್ ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಹಿಸುಕಿ ಫಿಲ್ಮಿನ ಮೇಲೆ ಕೂರಿಸುತ್ತದೆ, ಪ್ರೊಜೆಕ್ಟರಿನ ಲೆನ್ಸ್ ಅದನ್ನು ಮತ್ತೆ ಹಿಗ್ಗಿಸುತ್ತದೆ. ಎತ್ತರ ಒಂದಿದ್ದರೆ ಅಗಲ 2.35. ಆ ಕಾಲದ ಅಂಥ ಲೆನ್ಸುಗಳು ಹತ್ತಿರದ ಮುಖಗಳನ್ನು ಊದಿಕೊಂಡಂತೆ ತೋರಿಸುತ್ತಿದ್ದವು. ಅಂಚುಗಳು ಚೂಪಾಗಬೇಕಿದ್ದರೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಹಾಯುವ ಕಂಡಿ) ಕಿರಿದು ಮಾಡಬೇಕು, ಕಿರಿದಾದರೆ ಬೆಳಕು ಹೆಚ್ಚು ಬೇಕು. ಅಷ್ಟು ಅಗಲದ ಚೌಕಟ್ಟಿನಲ್ಲಿ ದೀಪಗಳನ್ನು ಅಡಗಿಸಿಡಲು ಜಾಗವೂ ಕಡಿಮೆ. ಹೊಸ ಅಗಲ ಸಿಕ್ಕಿತೆಂದು ಅದನ್ನು ವಸ್ತುಗಳಿಂದ ತುಂಬಿಸುವುದು ಸುಲಭದ ದಾರಿ. ಮೂರ್ತಿ ಅದರ ಬಹುಭಾಗವನ್ನು ಕಪ್ಪಾಗಿ ಬಿಟ್ಟರು. ಇಬ್ಬರು ವ್ಯಕ್ತಿಗಳ ನಡುವಿನ ದೂರವೇ ಆ ದೃಶ್ಯದ ವಿಷಯ, ಆ ದೂರ ಕಾಣಲು ನಡುವೆ ಏನೂ ಇರಬಾರದಿತ್ತು. ಚಿತ್ರ ಸೋತಿತು. ಮೂರ್ತಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ವೆಂಕಟರಾಮ ಪಂಡಿತ ಕೃಷ್ಣಮೂರ್ತಿ ಹುಟ್ಟಿದ್ದು 1923ರ ನವೆಂಬರಿನಲ್ಲಿ, ಮೈಸೂರಿನಲ್ಲಿ. ವಯೋಲಿನ್ ಕಲಿತವರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿ 1946ರಲ್ಲಿ ಡಿಪ್ಲೊಮಾ ಪಡೆದರು. ಪುಣೆಯ ಫಿಲ್ಮ್ ಇನ್ಸ್‌ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ. ಅದಕ್ಕೂ ಬಹಳ ಮೊದಲೇ ಮೈಸೂರು ಸಂಸ್ಥಾನದ ಒಂದು ಪಾಲಿಟೆಕ್ನಿಕ್ ಈ ವಿದ್ಯೆಗೆ ತರಗತಿ ತೆರೆದಿತ್ತು ಎನ್ನುವುದನ್ನು ನಮ್ಮವರೇ ಮರೆತಿದ್ದಾರೆ. ಉಳಿದವರೆಲ್ಲ ಯಾರದಾದರೂ ಕೈಕೆಳಗೆ ಪೆಟ್ಟಿಗೆ ಹೊತ್ತು ಕಲಿಯುತ್ತಿದ್ದ ಕಾಲ ಅದು. ಮೂರ್ತಿ ಬೆಳಕಿನ ಲೆಕ್ಕಾಚಾರವನ್ನು ಪುಸ್ತಕದಲ್ಲಿ ಓದಿಕೊಂಡು ಮುಂಬಯಿಗೆ ಹೋದರು. ಆಮೇಲೆ ಅವರೂ ಪೆಟ್ಟಿಗೆ ಹೊತ್ತರು, ಅದೂ ಫಲಿ ಮಿಸ್ತ್ರಿಯಂಥವರ ಬಳಿ. ನಟಿಯರ ಮುಖಕ್ಕೆ ಬೆಳಕು ಹಾಕುವುದರಲ್ಲಿ ಮಿಸ್ತ್ರಿ ದೊಡ್ಡ ಹೆಸರು. ‘ಸಾಹಿಬ್ ಬೀಬಿ ಔರ್ ಗುಲಾಮ್’ನ ಮೀನಾಕುಮಾರಿಯ ಹತ್ತಿರದ ಶಾಟುಗಳಲ್ಲಿ ಆ ಗುರುಕುಲದ ಗುರುತು ನನಗೆ ಕಾಣುತ್ತದೆ.

ಗುರುದತ್ ಮೊದಲ ಬಾರಿಗೆ ನಿರ್ದೇಶಿಸಿದ ‘ಬಾಜಿ’ಗೆ (1951) ಕ್ಯಾಮೆರಾಮನ್ ವಿ. ರಾತ್ರಾ, ಮೂರ್ತಿ ಸಹಾಯಕ. ಒಂದು ಹಾಡಿನ ಚಿತ್ರೀಕರಣದಲ್ಲಿ ಕನ್ನಡಿಯ ಪ್ರತಿಬಿಂಬವನ್ನು ಬಳಸಿ ಕ್ಯಾಮೆರಾ ಚಲಿಸುವ ಶಾಟೊಂದನ್ನು ಮೂರ್ತಿ ಸೂಚಿಸಿದರು, ಒಪ್ಪಿಗೆ ಸಿಕ್ಕಿದ ಮೇಲೆ ತಾವೇ ಕ್ಯಾಮೆರಾ ನಡೆಸಿದರು. ಚಲಿಸುವ ಶಾಟಿನಲ್ಲಿ ಕನ್ನಡಿ ಬಂದರೆ ನಮ್ಮಂಥವರಿಗೆ ಈಗಲೂ ತಲೆನೋವು. ಕ್ಯಾಮೆರಾ, ದೀಪ, ದೀಪ ಹಿಡಿದವನು, ಯಾವುದೂ ಅದರಲ್ಲಿ ಕಾಣಬಾರದು. ಗುರುದತ್ ಮಾರುಹೋದರು. ಮುಂದಿನ ಚಿತ್ರ ‘ಜಾಲ್’ (1952) ಮೂರ್ತಿಯ ಕೈಗೆ ಬಂತು. ‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’, ‘ಪ್ಯಾಸಾ’ ಹೀಗೆ ಆ ಜೋಡಿ ಹತ್ತು ವರ್ಷ ನಡೆಯಿತು. ಅಂದಹಾಗೆ, ಗುರುದತ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, 1925ರಲ್ಲಿ.

ಕತ್ತಲೆಯ ಮಾತಿಗೆ ಮರಳುತ್ತೇನೆ. ಕಪ್ಪು-ಬಿಳುಪಿನಲ್ಲಿ ಹಸಿರು ಸೀರೆಯೂ ಕೆಂಪು ಗೋಡೆಯೂ ಒಂದೇ ಬೂದು ಬಣ್ಣವಾಗಿ ಕಲಸಿಹೋಗಬಹುದು. ವ್ಯಕ್ತಿಯನ್ನು ಹಿನ್ನೆಲೆಯಿಂದ ಬಿಡಿಸಿ ತೋರಿಸುವ ಕೆಲಸ ಪೂರ್ತಿ ಬೆಳಕಿನದು: ಹಿಂದಿನಿಂದ ತಲೆ ಮತ್ತು ಹೆಗಲಿಗೊಂದು ಗೆರೆ, ಇಲ್ಲವೇ ಹಿನ್ನೆಲೆಯನ್ನೇ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಕೆಳಗಿಳಿಸುವುದು. ‘ಪ್ಯಾಸಾ’ದ (1957) ಸಭಾಂಗಣದ ಬಾಗಿಲಲ್ಲಿ ಕವಿ ತೋಳು ಚಾಚಿ ನಿಲ್ಲುವಾಗ ಬೆಳಕೆಲ್ಲ ಅವನ ಬೆನ್ನ ಹಿಂದಿದೆ. ನಾಯಕನ ಮುಖವೇ ಕಾಣದ ಶಾಟಿಗೆ ಒಪ್ಪುವ ನಾಯಕನಟ ಸಿಗುವುದು ಅಪರೂಪ. ಅಲ್ಲಿ ನಟನೂ ನಿರ್ದೇಶಕನೂ ಒಬ್ಬರೇ ಆಗಿದ್ದದ್ದು ಮೂರ್ತಿಯ ಪುಣ್ಯ.

ಆದರೆ ಪಾಠಕ್ಕೆ ನಾನು ಆರಿಸಿಕೊಳ್ಳುವುದು 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ನ ನೃತ್ಯವನ್ನು. ಮುಂದೆ ಮಿನೂ ಮುಮ್ತಾಜ್, ಹಿಂದೆ ಸಹನರ್ತಕಿಯರು. ಹಿಂದಿನವರ ರೂಪ ಗುರುದತ್‌ಗೆ ಒಪ್ಪಿಗೆಯಾಗಲಿಲ್ಲ. ಅವರ ಮುಖ ಕಾಣದಂತೆ ಮಾಡಿದರಾಯಿತು ಎಂದು ಮೂರ್ತಿ ಅವರನ್ನು ನೆರಳಿನಲ್ಲೇ ಉಳಿಸಿದರು. ಹಾಡಿನುದ್ದಕ್ಕೂ ಬೆಳಕು ಒಬ್ಬಳ ಮೇಲೆ, ಉಳಿದವರು ಕುಣಿಯುವ ಆಕೃತಿಗಳು.

ಹೇಳಿದಷ್ಟು ಸುಲಭವಲ್ಲ. ನರ್ತಕಿ ಒಂದೆಡೆ ನಿಲ್ಲುವುದಿಲ್ಲ, ಅವಳ ಬೆಳಕು ಹಿಂದೆ ಚೆಲ್ಲಬಾರದು. ಪ್ರತಿ ದೀಪಕ್ಕೂ ಕಟರ್, ಅಂದರೆ ಬೆಳಕನ್ನು ತಡೆಯುವ ಕಪ್ಪು ಹಲಗೆ, ಕಟ್ಟಬೇಕು. ಸಾಲಿನವರು ಪೂರ್ತಿ ಕಪ್ಪಾದರೆ ಹೊರರೇಖೆಯೂ ಅಳಿಯುತ್ತದೆ, ಹಾಗಾಗಿ ಅವರ ಹಿಂದೆ ಬೆಳಕಿನ ಹಿನ್ನೆಲೆ ಬೇಕು. ಆಗ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿದ್ದ ಪ್ಲಸ್-ಎಕ್ಸ್‌ನಂಥ ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಅದು ಸ್ಪಂದಿಸುವ ಶಕ್ತಿ, 80 ಎ.ಎಸ್.ಎ. ಆಸುಪಾಸು, ಇಂದಿನ ಹಲವು ಡಿಜಿಟಲ್ ಸಿನಿಮಾ ಕ್ಯಾಮೆರಾಗಳ ಮೂಲ ವೇಗವೇ 800ರ ಆಸುಪಾಸು. ಮಾನಿಟರ್ ಇರಲಿಲ್ಲ, ನೆಗೆಟಿವ್ ಲ್ಯಾಬಿನಿಂದ ತೊಳೆದು ಬರುವವರೆಗೆ ಮೀಟರು ಮತ್ತು ಕಣ್ಣನ್ನೇ ನಂಬಬೇಕಿತ್ತು. ಈಗಿನ ಹುಡುಗರು ಎಲ್ಲವನ್ನೂ ಸಮವಾಗಿ ಬೆಳಗಿಸಿ, ಆಮೇಲೆ ಗ್ರೇಡಿಂಗ್‌ನಲ್ಲಿ (ಕಂಪ್ಯೂಟರಿನಲ್ಲಿ ಬಣ್ಣ-ಬೆಳಕು ತಿದ್ದುವಾಗ) ಕಪ್ಪು ಮಾಡಿಕೊಳ್ಳುತ್ತೇನೆ ಎನ್ನುತ್ತಾರೆ. ಮಾಡಿಕೊಳ್ಳಬಹುದು. ಆದರೆ ಮುಂದಿನಿಂದ ಬಿದ್ದ ಬೆಳಕನ್ನು ತಗ್ಗಿಸಿದ ಮಾತ್ರಕ್ಕೆ ಅದು ಹಿಂದಿನಿಂದ ಬಂದ ಬೆಳಕಾಗುವುದಿಲ್ಲ. ಈ ಚಿತ್ರಕ್ಕೂ ಮೂರ್ತಿಗೆ ಫಿಲ್ಮ್‌ಫೇರ್ ಸಿಕ್ಕಿತು.

1964ರಲ್ಲಿ ಗುರುದತ್ ತೀರಿಕೊಂಡರು. ಆಮೇಲೆ ಪ್ರಮೋದ್ ಚಕ್ರವರ್ತಿ ಅವರ ‘ಲವ್ ಇನ್ ಟೋಕಿಯೊ’, ‘ಜುಗ್ನು’ ಮುಂತಾದ ಬಣ್ಣದ ಚಿತ್ರಗಳು. ಅಲ್ಲಿ ಕೆಲಸ ಅಚ್ಚುಕಟ್ಟು, ಆದರೆ ಬೆಳಕಿಗೆ ಕಥೆ ಹೇಳುವ ಅವಕಾಶವೇ ಕಡಿಮೆ ಎನ್ನುವುದು ನನ್ನ ಅಭಿಪ್ರಾಯ. ಅದೇ ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಓದಿ ಬಂದ ಗೋವಿಂದ ನಿಹಲಾನಿ, ಮೂರ್ತಿಯ ಬಳಿ ಸಹಾಯಕರಾಗಿ ಪಳಗಿದರು. ಎಂಬತ್ತರ ದಶಕದ ಕೊನೆಯಲ್ಲಿ ಗುರುವೇ ಶಿಷ್ಯ ನಿರ್ದೇಶಿಸಿದ ‘ತಮಸ್’ಗೆ ಕ್ಯಾಮೆರಾ ಹಿಡಿದರು. ಅವರು ಕೆಲಸ ಮಾಡಿದ ಶ್ಯಾಮ್ ಬೆನೆಗಲ್ ಅವರ ಟಿವಿ ಧಾರಾವಾಹಿ ‘ಭಾರತ್ ಏಕ್ ಖೋಜ್’ ಕೂಡ ಆ ಕಾಲದ್ದೇ. ಕನ್ನಡಕ್ಕೆ ಬಂದದ್ದು 1993ರಲ್ಲಿ, ‘ಹೂವು ಹಣ್ಣು’ ಚಿತ್ರಕ್ಕೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರುವಾದದ್ದು 1969ರ ವರ್ಷಕ್ಕೆ. ಕ್ಯಾಮೆರಾ ಕೆಲಸಕ್ಕಾಗಿಯೇ ಅದು ಒಬ್ಬರಿಗೆ ಸಿಗಲು 2008ರ ಸಾಲಿನವರೆಗೆ ಕಾಯಬೇಕಾಯಿತು. ಆ ಮೊದಲಿಗರು ಮೂರ್ತಿ. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ನಿಧನರಾದರು.

ಈ ಚಿತ್ರಗಳನ್ನು ಈಗ ನೋಡುವವರಿಗೆ ಒಂದು ಸೂಚನೆ. ‘ಕಾಗಜ್ ಕೆ ಫೂಲ್’ನ ಪ್ರತಿ ಪರದೆಯನ್ನು ಪೂರ್ತಿ ತುಂಬಿಕೊಂಡಿದ್ದರೆ ಅದರ ಎಡ-ಬಲ ಕತ್ತರಿಸಲಾಗಿದೆ ಎಂದೇ ತಿಳಿಯಿರಿ, ಮೇಲೆ ಕೆಳಗೆ ಕಪ್ಪು ಪಟ್ಟಿಯಿರುವ ಪ್ರತಿಯನ್ನೇ ಹುಡುಕಿ. ಮೊಬೈಲಿನಲ್ಲಿ ನೆರಳಿನ ಭಾಗಗಳು ಬರೀ ಮಸಿಯಾಗುತ್ತವೆ, ಬ್ರೈಟ್‌ನೆಸ್ ಏರಿಸಿದರೆ ಬೂದಿಯಾಗುತ್ತವೆ. ಮನೆಯ ದೀಪ ಆರಿಸಿ, ಸಾಧ್ಯವಾದಷ್ಟು ದೊಡ್ಡ ಪರದೆಯಲ್ಲಿ ನೋಡಿ. ಬಿಸಿಲುಕೋಲು ಹೇಗೂ ಕಣ್ಣಿಗೆ ಬೀಳುತ್ತದೆ, ಹಿಂದಿನ ಗೋಡೆಯಲ್ಲಿ ಏನೇನು ಕಾಣುವಷ್ಟೇ ಕಂಡಿದೆ ಎಂದು ಗಮನಿಸಿ.