ಸಲಿಂಗ ಜೋಡಿ ತೋರಿಸಿದರೆ ಜನ ಚಾನೆಲ್ ಬದಲಿಸ್ತಾರಾ?

ಓದುಗರ ಪ್ರಶ್ನೆ: ಧಾರಾವಾಹಿಯಲ್ಲಿ ಸಲಿಂಗ ಪ್ರೇಮದ ಕಥೆ ತಂದರೆ ಮನೆಮಂದಿ ನೋಡೋದೇ ಬಿಡ್ತಾರೆ, ಅದಕ್ಕೇ ಚಾನೆಲ್‌ನವರು ಹಿಂಜರಿಯೋದು ಅಂತ ಹೇಳ್ತಾರೆ. ಇದು ನಿಜಾನಾ, ಸುಮ್ನೆ ನೆಪಾನಾ?

ಉತ್ತರ: ಜನ ನೋಡೋದು ಬಿಟ್ಟಿದ್ದೂ ಇದೆ, ಖುಷಿಯಿಂದ ಕುಣಿದಿದ್ದೂ ಇದೆ. ತಮಾಷೆ ಅಂದರೆ ಎರಡೂ ಆಗಿದ್ದು ಒಂದೇ ದೇಶದಲ್ಲಿ, ಒಂದೇ ಚಾನೆಲ್‌ನಲ್ಲಿ, ರಾತ್ರಿ 9ರ ಅದೇ ಹೊತ್ತಿನಲ್ಲಿ. ನಡುವೆ ಇದ್ದದ್ದು ಒಂದು ವರ್ಷ ಚಿಲ್ಲರೆ ಅಂತರ, ಅಷ್ಟೆ.

ದೇಶ ಬ್ರೆಜಿಲ್, ಚಾನೆಲ್ ಗ್ಲೋಬೊ. 2013ರಲ್ಲಿ ಅಲ್ಲಿ ‘ಅಮೋರ್ ಆ ವಿದಾ’ ಅನ್ನೋ ಧಾರಾವಾಹಿ ಶುರುವಾಯಿತು. ಅದರ ಖಳ ಫೆಲಿಕ್ಸ್. ಮೊದಲ ಕಂತಿನಲ್ಲೇ ಅವನು ಒಡಹುಟ್ಟಿದವಳ ಹಸುಗೂಸನ್ನು ಕದ್ದೊಯ್ದು ಕಸದ ತೊಟ್ಟಿಗೆ ಎಸೆಯುತ್ತಾನೆ. ತಾನು ಸಲಿಂಗಿ ಅನ್ನೋದನ್ನು ಮುಚ್ಚಿಟ್ಟು ಹೆಂಡತಿಯ ಜೊತೆ ಸಂಸಾರ ಮಾಡುತ್ತಿರುವವನು. ಮಗನ ಸ್ವಭಾವವನ್ನು ಸಹಿಸದ ಅಪ್ಪ ಬೇರೆ. ಇಂಥವನನ್ನು ಜನ ಶಪಿಸಬೇಕಿತ್ತು, ಅಲ್ವಾ? ಆದರೆ ಮೊದಲು ಅವನ ಚೂಪು ನಾಲಿಗೆಗೆ ನಕ್ಕರು. ಆಮೇಲೆ ಅವನ ಸಂಕಟ ಕಂಡಿತು. ಎಲ್ಲ ಕಳೆದುಕೊಂಡು ಬೀದಿಯಲ್ಲಿ ಹಾಟ್‌ಡಾಗ್ ಮಾರೋಕೆ ನಿಂತ ಹೊತ್ತಿಗೆ ಜನ ಅವನ ಕಡೆಗೇ ವಾಲಿಬಿಟ್ಟಿದ್ದರು. 2014ರ ಜನವರಿ 31, ಕೊನೆಯ ಕಂತು. ಫೆಲಿಕ್ಸ್ ಮತ್ತು ಅವನ ಪ್ರಿಯಕರ ನಿಕೊ ಮುತ್ತಿಟ್ಟುಕೊಂಡರು. ನೋಡುತ್ತಿದ್ದವರು ಮನೆಯ ಮದುವೆಯೇನೋ ಅನ್ನುವಂತೆ ಸಂಭ್ರಮಿಸಿದರು. ಇದೇ ಗ್ಲೋಬೊ 2005ರಲ್ಲಿ ‘ಅಮೆರಿಕಾ’ ಧಾರಾವಾಹಿಗಾಗಿ ಇಬ್ಬರು ಗಂಡಸರ ಮುತ್ತಿನ ದೃಶ್ಯ ತೆಗೆದು, ಕೊನೇ ಗಳಿಗೆಯಲ್ಲಿ ಪ್ರಸಾರ ಮಾಡದೆ ಇಟ್ಟುಕೊಂಡಿತ್ತು.

ಈಗ 2015ರ ಮಾರ್ಚ್ 16ಕ್ಕೆ ಬನ್ನಿ. ‘ಬಾಬಿಲೋನಿಯಾ’ದ ಮೊದಲ ಕಂತು. ಎಷ್ಟೋ ವರ್ಷದಿಂದ ಜೊತೆಗಿರುವ ಇಬ್ಬರು ಹೆಂಗಸರು, ತೆರೆಜಾ ಮತ್ತು ಎಸ್ತೆಲಾ. ಪಾತ್ರ ಮಾಡಿದವರು ಫೆರ್ನಾಂಡಾ ಮೊಂಟೆನೆಗ್ರೊ ಮತ್ತು ನತಾಲಿಯಾ ಟಿಂಬರ್ಗ್. ಇಬ್ಬರಿಗೂ ಆಗ 85 ವರ್ಷ, ಇಬ್ಬರೂ ದೇಶವೇ ಕೈಮುಗಿಯುವ ಕಲಾವಿದರು. ಮೊದಲ ದಿನವೇ ಅವರಿಬ್ಬರೂ ಮುತ್ತಿಟ್ಟುಕೊಂಡರು. ಗಲಾಟೆ ಎದ್ದಿತು. ಇವ್ಯಾಂಜೆಲಿಕಲ್ ಕ್ರೈಸ್ತ ಮುಖಂಡರು ಬಹಿಷ್ಕಾರಕ್ಕೆ ಕರೆ ಕೊಟ್ಟರು. ರೇಟಿಂಗ್ ಇಳಿಯಿತು, ಜೋಡಿಯ ಸಲುಗೆಯ ದೃಶ್ಯಗಳಿಗೆ ಕತ್ತರಿ ಬಿತ್ತು, ಧಾರಾವಾಹಿಯನ್ನೇ ಬೇಗ ಮುಗಿಸಿದರು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಸೋಲಿಗೆಲ್ಲ ಆ ಅಜ್ಜಿಯರನ್ನೇ ಹೊಣೆ ಮಾಡೋದು ಅನ್ಯಾಯ. ಆ ಕಥೆಯಲ್ಲಿ ಕೊಲೆ, ವಂಚನೆ, ಭ್ರಷ್ಟಾಚಾರ ಎಲ್ಲ ಒಟ್ಟೊಟ್ಟಿಗೆ ಸುರಿದಿದ್ದರು, ಒಂದು ಒಳ್ಳೆಯ ಮುಖ ಹುಡುಕಬೇಕಿತ್ತು. ಮೇಲಾಗಿ ಒಂದೇ ವಾರದ ಅಂತರದಲ್ಲಿ ಎದುರಾಳಿ ಚಾನೆಲ್ ರೆಕಾರ್ಡ್, ಪ್ರವಾದಿ ಮೋಸೆಸ್‌ನ ಕಥೆಯ ದೊಡ್ಡ ಧಾರಾವಾಹಿಯನ್ನು ಇಳಿಸಿತು. ಕೋಪಗೊಂಡ ಭಕ್ತರಿಗೆ ಹೋಗೋಕೆ ಜಾಗವೂ ಸಿಕ್ಕಿತು.

ಆದರೂ ಎರಡು ಮುತ್ತುಗಳ ನಡುವಿನ ವ್ಯತ್ಯಾಸ ನನಗೆ ಕಾಣೋದು ಒಂದೇ ಕಡೆ. ಒಂದು ಎಂಟು ತಿಂಗಳ ಒಡನಾಟ ಮುಗಿದ ಮೇಲೆ ಬಂತು. ಇನ್ನೊಂದು ಪರಿಚಯವಾಗುವ ಮೊದಲೇ. ಗೊತ್ತಿಲ್ಲದವರು ಮುತ್ತಿಟ್ಟರೆ ಕಣ್ಣಿಗೆ ಬೀಳೋದು ‘ಇಬ್ಬರು ಹೆಂಗಸರು’. ಗೊತ್ತಿರುವವರು ಮುತ್ತಿಟ್ಟರೆ ಕಣ್ಣಿಗೆ ಬೀಳೋದು ‘ನಮ್ಮ ಫೆಲಿಕ್ಸ್’.

ಸಿನಿಮಾಕ್ಕೆ ಇಲ್ಲದ, ಧಾರಾವಾಹಿಗೆ ಮಾತ್ರ ಇರುವ ಶಕ್ತಿ ಇದೇ. ಅದು ದಿನಾ ಮನೆಗೆ ಬರುತ್ತೆ. ತೆರೆಯ ಮೇಲಿನವರನ್ನು ನಾವು ಸ್ವಂತ ಪರಿಚಯದವರಂತೆ ಕಾಣೋಕೆ ಶುರು ಮಾಡ್ತೀವಿ, ಅವರಿಗೆ ನಾವು ಯಾರೆಂದೇ ಗೊತ್ತಿರಲ್ಲ. ಈ ಒಮ್ಮುಖದ ನಂಟಿನ ಬಗ್ಗೆ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಸಂಶೋಧಕರು 1956ರಲ್ಲೇ ಬರೆದಿದ್ದರು. 2005ರಲ್ಲಿ ಎಡ್ವರ್ಡ್ ಶಿಯಾಪ್ಪಾ ಎಂಬ ಸಂಶೋಧಕ ಮತ್ತು ಜೊತೆಗಾರರು ಇನ್ನೊಂದು ಹೆಜ್ಜೆ ಮುಂದೆ ಹೋದರು: ತೆರೆಯ ಮೇಲಿನ ಈ ಒಡನಾಟವೂ ನಿಜವಾದ ಒಡನಾಟದ ಹಾಗೇ ಪೂರ್ವಗ್ರಹವನ್ನು ತಗ್ಗಿಸಬಲ್ಲದು ಅಂದರು. ಜೀವನದಲ್ಲಿ ಸಲಿಂಗಿಗಳ ಪರಿಚಯ ತೀರಾ ಕಡಿಮೆ ಇರುವವರಲ್ಲಿ, ಇಂಥ ಪಾತ್ರಗಳನ್ನು ನೋಡೋದಕ್ಕೂ ಪೂರ್ವಗ್ರಹ ಕಡಿಮೆ ಇರೋದಕ್ಕೂ ಇರುವ ಸಂಬಂಧ ಇನ್ನೂ ಗಟ್ಟಿಯಾಗಿ ಕಂಡಿತು. ಮೊದಲೇ ಮನಸ್ಸು ತೆರೆದಿರುವವರು ಇಂಥದ್ದನ್ನು ಜಾಸ್ತಿ ನೋಡಿರಬಹುದು ಅನ್ನೋ ಅನುಮಾನ ಬರುತ್ತೆ, ನ್ಯಾಯವೇ. ಆದರೆ ಫೆಲಿಕ್ಸ್‌ನ ಕಥೆಯನ್ನು ಆ ಅನುಮಾನ ವಿವರಿಸಲಾರದು. ರಾತ್ರಿ 9ರ ಧಾರಾವಾಹಿಯನ್ನು ಎಲ್ಲ ಥರದವರೂ ನೋಡ್ತಾರೆ.

ಹಳೆಯ ಉದಾಹರಣೆಯೂ ಇದನ್ನೇ ಹೇಳುತ್ತೆ. ಆಸ್ಟ್ರೇಲಿಯಾದ ‘ನಂಬರ್ 96’ ಶುರುವಾಗಿದ್ದು 1972ರಲ್ಲಿ. ಅದರಲ್ಲಿ ಡಾನ್ ಫಿನ್ಲೆಸನ್ ಎಂಬ ಸಲಿಂಗಿ ವಕೀಲ. ಕಥೆ ನಡೆಯುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಗಂಡಸರ ಸಲಿಂಗ ಸಂಬಂಧ 1984ರವರೆಗೂ ಅಪರಾಧವಾಗಿತ್ತು. ಆದರೂ ಡಾನ್ ಆ ಧಾರಾವಾಹಿಯ ಮೆಚ್ಚಿನ ಪಾತ್ರಗಳಲ್ಲಿ ಒಬ್ಬನಾದ. ಅಕ್ಕಪಕ್ಕದವರ ಕಷ್ಟಕ್ಕೆ ಆಗುವ ಒಳ್ಳೆಯ ನೆರೆಯವ, ಅಷ್ಟು ಸಾಕಾಗಿತ್ತು.

ಹಾಗಾದರೆ ಪ್ರತಿ ಸಲ ಅಷ್ಟು ಗದ್ದಲ ಯಾಕೆ? ಬೈಯುವವರು ಪತ್ರ ಬರೀತಾರೆ, ಒಪ್ಪಿಕೊಂಡವರು ಊಟ ಮಾಡಿ ಮಲಗ್ತಾರೆ. ಬ್ರಿಟನ್ನಿನ ‘ಈಸ್ಟ್‌ಎಂಡರ್ಸ್’ನಲ್ಲಿ 1987ರಲ್ಲಿ ಕಾಲಿನ್ ತನ್ನ ಗೆಳೆಯನ ಹಣೆಗೆ ಒಂದು ಮುತ್ತು ಕೊಟ್ಟ. ಹಣೆಗೆ ಸ್ವಾಮಿ! ಪತ್ರಿಕೆಗಳು ಹುಯಿಲೆಬ್ಬಿಸಿದವು. 1989ರಲ್ಲಿ ತುಟಿಗೆ ತುಟಿ ಸೋಕಿದಾಗಲೂ ಅದೇ ರಾಗ. ಕಾಲಿನ್ ಪಾತ್ರಧಾರಿ ಮೈಕೆಲ್ ಕ್ಯಾಶ್‌ಮನ್ ಮುಂದೆ 1999ರಲ್ಲಿ ಯುರೋಪಿಯನ್ ಪಾರ್ಲಿಮೆಂಟಿಗೆ ಆರಿಸಿ ಬಂದರು, 2014ರಲ್ಲಿ ಬ್ರಿಟನ್ನಿನ ಮೇಲ್ಮನೆ ಸೇರಿದರು. ಜರ್ಮನಿಯ ‘ಲಿಂಡನ್‌ಸ್ಟ್ರಾಸೆ’ಯಲ್ಲಿ 1990ರ ಮುತ್ತಿಗೆ ನಟನಿಗೆ ಕೊಲೆ ಬೆದರಿಕೆಗಳೇ ಬಂದವು. ಧಾರಾವಾಹಿ ಮಾತ್ರ ಇನ್ನೂ 30 ವರ್ಷ, 2020ರವರೆಗೆ ಓಡಿತು.

ಗಮನಿಸಿ, ಬೈಗುಳವೆಲ್ಲ ಬಿದ್ದಿದ್ದು ಮುತ್ತಿಗೆ. ಪಾತ್ರ ಇರಲಿ, ಮಾತಾಡಲಿ, ಅಳಲಿ, ಮುಟ್ಟೋದು ಬೇಡ. ಇದಕ್ಕೆ ಟಿವಿ ಇರುವ ಜಾಗವೂ ಒಂದು ಕಾರಣ. ಒಬ್ಬರೇ ನೋಡುವಾಗ ಏನೂ ಅನಿಸದ ದೃಶ್ಯ, ಪಕ್ಕದಲ್ಲಿ ಅಪ್ಪನೋ ಮಗಳೋ ಕೂತಿದ್ದರೆ ಇರುಸುಮುರುಸು ತರುತ್ತೆ. ರಿಮೋಟ್ ಹುಡುಕುವ ಕೈಗೆ ದ್ವೇಷಕ್ಕಿಂತ ಮುಜುಗರವೇ ಜಾಸ್ತಿ ಇರಬಹುದು. ಗಂಡು-ಹೆಣ್ಣಿನ ಮುತ್ತಿಗೂ ಅದೇ ಕೈ ಓಡುತ್ತೆ. ಆದರೆ ಆಗ ಯಾರೂ ಚಾನೆಲ್‌ಗೆ ದೂರು ಬರೆಯಲ್ಲ, ವ್ಯತ್ಯಾಸ ಅಲ್ಲಿದೆ.

ಹೆದರಿದ ತಯಾರಕರು ಮಾಡುವ ತಪ್ಪುಗಳು ಎರಡು. ಒಂದು, ಜೋಡಿಯನ್ನು ಸಾಯಿಸೋದು. ಗ್ಲೋಬೊದಲ್ಲೇ 1998ರ ‘ತೊರೆ ಡಿ ಬಾಬೆಲ್’ನಲ್ಲಿ ಜನ ಒಪ್ಪಲಿಲ್ಲ ಅಂತ ಇಬ್ಬರು ಹೆಂಗಸರನ್ನೂ ಶಾಪಿಂಗ್ ಮಾಲ್ ಸ್ಫೋಟದಲ್ಲಿ ಮುಗಿಸಿಬಿಟ್ಟರು. ಇನ್ನೊಂದು, ಜೋಡಿಯನ್ನು ಇಟ್ಟುಕೊಂಡೇ ಅವರ ನಡುವೆ ಗೋಡೆ ಕಟ್ಟೋದು. ಅಮೆರಿಕದ ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ನಲ್ಲಿ 2007ರ ಆಗಸ್ಟ್‌ನಲ್ಲಿ ಲೂಕ್ ಮತ್ತು ನೋವಾ ಎಂಬ ಇಬ್ಬರು ಹುಡುಗರು ಮುತ್ತಿಟ್ಟುಕೊಂಡರು. ಸಂಪ್ರದಾಯವಾದಿ ಸಂಘಟನೆಗಳು ಪ್ರತಿಭಟಿಸಿದವು. ಆಮೇಲೆ ತಿಂಗಳುಗಟ್ಟಲೆ ಮುತ್ತಿಗೆ ಬರ. ಕ್ರಿಸ್ಮಸ್ ಕಂತಿನಲ್ಲಿ ಇಬ್ಬರೂ ಮಿಸಲ್‌ಟೋ ಎಲೆಗೊಂಚಲಿನ ಕೆಳಗೆ ನಿಂತರು. ಅದರ ಕೆಳಗೆ ನಿಂತವರು ಮುತ್ತಿಡಲೇಬೇಕು ಅನ್ನೋದು ಅಲ್ಲಿಯ ರೂಢಿ. ಮುಖಗಳು ಹತ್ತಿರ ಬಂದವು. ಕ್ಯಾಮೆರಾ ಮೆಲ್ಲಗೆ ಮೇಲೆದ್ದು ಎಲೆಗಳನ್ನು ತೋರಿಸಿತು.

ಈ ಸಲ ಸಿಟ್ಟಾದವರು ಅಭಿಮಾನಿಗಳು. ತೋರಿಸಿದ್ದಕ್ಕಲ್ಲ, ತೋರಿಸದೆ ಇದ್ದಿದ್ದಕ್ಕೆ ದೂರುಗಳ ಸುರಿಮಳೆ ಶುರುವಾಯಿತು. ಕೊನೆಗೆ 2008ರ ಏಪ್ರಿಲ್‌ನಲ್ಲಿ ಕ್ಯಾಮೆರಾ ಕೆಳಗೇ ನಿಂತಿತು.