ಇರುವೆ ಬರುವವರೆಗೆ ಕಾಯಬೇಕಾ?

"ನನಗೆಂಥ ಶುಗರ್ ಮಾರಾಯ? ತೋಟದಲ್ಲಿ ಮೂತ್ರ ಮಾಡಿದಲ್ಲಿ ಒಂದು ಇರುವೆಯೂ ಬರುವುದಿಲ್ಲ." ಬದಿಯಡ್ಕದ ಹತ್ತಿರ ಇರುವ ನನ್ನ ಸೋದರಮಾವ ಹೀಗೆ ಹೇಳುವಾಗ ಅವರ ಹಿಮ್ಮಡಿಯಲ್ಲಿ ಒಂದೂವರೆ ತಿಂಗಳ ಗಾಯ ಇತ್ತು. ಒಣಗಿದ ಅಡಿಕೆ ಸೋಗೆಯ ಚೂಪು ತಾಗಿದ್ದು, ಅಷ್ಟೇ. ಕುತ್ತಿಗೆಯ ಹಿಂದಿನ ಚರ್ಮ ಕಪ್ಪಾಗಿ, ವೆಲ್ವೆಟ್ ಬಟ್ಟೆಯ ಹಾಗೆ ದಪ್ಪಗಾಗಿತ್ತು. ಕೊಳೆ ಅಂತ ತಿಳಿದು ಅತ್ತೆ ತೆಂಗಿನ ನಾರಿನಲ್ಲಿ ತಿಕ್ಕಿಸುತ್ತಿದ್ದರು.

ಇರುವೆಯ ಮಾತು ಸುಳ್ಳಲ್ಲ. ನಮ್ಮ ಹಳೆಯ ವೈದ್ಯರೂ ಅದನ್ನು ಗಮನಿಸಿದ್ದರು. ಮಧುಮೇಹ ಅನ್ನುವ ಹೆಸರಿನಲ್ಲೇ ಜೇನಿದೆ. 1674ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇಂಥವರ ಮೂತ್ರ ಸಿಹಿ ಎಂದು ಬರೆದರು. ಮುಂದೆ ಅಲ್ಲಿಯದೇ ಇನ್ನೊಬ್ಬ ವೈದ್ಯ ಮ್ಯಾಥ್ಯೂ ಡಾಬ್ಸನ್ ಅದನ್ನು ಕಾಯಿಸಿ ಬತ್ತಿಸಿದಾಗ ತಳದಲ್ಲಿ ಸಕ್ಕರೆ ಉಳಿಯಿತು. 1776ರಲ್ಲಿ ಅವರು ಇನ್ನೊಂದು ವಿಷಯವನ್ನೂ ಹೇಳಿದರು, ನನಗೆ ಅದೇ ದೊಡ್ಡದು: ರೋಗಿಯ ರಕ್ತವೂ ಸಿಹಿ. ಅಂದರೆ ಸಕ್ಕರೆ ಮೊದಲು ಏರುವುದು ರಕ್ತದಲ್ಲಿ.

ಮತ್ತೆ ಮೂತ್ರಕ್ಕೆ ಬರಲು ಯಾಕೆ ತಡ? ಅಡಿಕೆ ಹೆಕ್ಕುವುದನ್ನು ನೆನೆಸಿಕೊಳ್ಳಿ. ಮೂತ್ರಪಿಂಡ ರಕ್ತವನ್ನು ಸೋಸುವಾಗ ಸಕ್ಕರೆಯೂ ಉದುರುತ್ತದೆ. ಅಲ್ಲಿನ ಸಣ್ಣ ನಳಿಕೆಗಳಲ್ಲಿ ಕೆಲವು ಪ್ರೋಟೀನುಗಳು ಆಳುಗಳ ಹಾಗೆ ನಿಂತು ಬಿದ್ದದ್ದನ್ನೆಲ್ಲ ಹೆಕ್ಕಿ ರಕ್ತಕ್ಕೆ ವಾಪಸು ಹಾಕುತ್ತವೆ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಆಳು ಸಾಲುವುದಿಲ್ಲ, ಅಡಿಕೆ ನೆಲದಲ್ಲೇ ಉಳಿಯುತ್ತದೆ. ಇರುವೆಗೆ ಸಿಗುವುದು ಆ ಉಳಿದದ್ದು. ಆದರೆ ಖಾಲಿ ಹೊಟ್ಟೆಯಲ್ಲಿ ಎರಡು ಸಲ ನೋಡಿಯೂ 126 ಇದ್ದರೆ ಆಗಲೇ ಡಯಾಬಿಟಿಸ್. 100 ಮುಟ್ಟಿದರೇ ಎಚ್ಚರ ಬೇಕು.

ಉಳಿದ ಸಕ್ಕರೆ ಸುಮ್ನೆ ಕೂರುವುದಿಲ್ಲ. ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ಮಿಡಿ ಚಿರುಟಿ, ಭರಣಿಯಲ್ಲಿ ನೀರು ನಿಲ್ಲುತ್ತದೆ ಅಲ್ವಾ? ಸಕ್ಕರೆಯೂ ಹಾಗೇ ಮೈಯ ನೀರನ್ನು ಎಳೆದುಕೊಂಡು ಹೋಗುತ್ತದೆ. "ಸೆಕೆಗೆ ನೀರು ಜಾಸ್ತಿ ಕುಡಿಯುತ್ತೇನೆ, ಅದಕ್ಕೇ ರಾತ್ರಿ ನಾಲ್ಕು ಸಲ ಏಳುತ್ತೇನೆ" ಅನ್ನುತ್ತಾರೆ. ಇಲ್ಲಿ ನಡೆಯುವುದು ತಿರುಗಾಮುರುಗಾ. ನೀರು ಹೋಗುವುದರಿಂದಲೇ ಬಾಯಾರಿಕೆ.

ಕುತ್ತಿಗೆಯ ಕಪ್ಪು ಇದಕ್ಕಿಂತ ಎಷ್ಟೋ ವರ್ಷ ಮೊದಲೇ ಕಾಣಬಹುದು. ರಕ್ತದ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿ ಅಂತ ಜೀವಕೋಶಗಳಿಗೆ ಹೇಳುವ ಹಾರ್ಮೋನು ಇನ್ಸುಲಿನ್. ಅವು ಅದರ ಮಾತು ಕೇಳದಾಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಅದರಿಂದ ಅಲ್ಲಿನ ಚರ್ಮ ಬೆಳೆದು ದಪ್ಪಗಾಗುತ್ತದೆ. ತಿಕ್ಕಿದರೆ ಹೋಗುವ ಕೊಳೆ ಅದಲ್ಲ. ಮಾವನ ಹಿಮ್ಮಡಿಯ ಹಾಗೆ ಬೇಗ ಮಾಯದ ಗಾಯ, ಸುಸ್ತು, ಮಂಜಾಗುವ ಕಣ್ಣು, ತೊಡೆಸಂದಿನ ತುರಿಕೆ, ಪಾದದ ಜೋಮು ಇವೂ ಇರಬಹುದು. ಎಷ್ಟೋ ಜನರಿಗೆ ಇದ್ಯಾವುದೂ ಇರುವುದಿಲ್ಲ. ಅದಕ್ಕೇ 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ ಇಟ್ಟಿರುವುದು.

ಮಾವನನ್ನು ಎರಡು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋದೆ. ಮೊದಲ ದಿನ 142, ಮರುವಾರ 139. ತೋಟದಲ್ಲಿ ಆಗಲೂ ಇರುವೆ ಇರಲಿಲ್ಲ.