ಒಂದು ಸರ್ವೆ ನಂಬರ್ ಹಿಡಿದು ಓದಿ: ಟೌನ್ ಪ್ಲಾನರ್ ಆಗಲು ಹೊರಟವರಿಗೆ

ಪ್ಲಾನಿಂಗ್ ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ ತಯಾರಾಗುವವರು ಬಂದರೆ ಮೊದಲು ಕೇಳುವುದು, "ಮೇಡಂ, ಯಾವ ಪುಸ್ತಕ ಓದಲಿ?" ಅಂತ. ಪುಸ್ತಕ ಬೇಕೇ ಬೇಕು. ಆದರೆ ನಾನು ಮೊದಲು ಹೇಳುವ ಕೆಲಸ ಬೇರೆ. ನಿಮ್ಮೂರಿನ ಅಂಚಿನಲ್ಲಿ ಒಂದು ಸರ್ವೆ ನಂಬರ್ ಆರಿಸಿಕೊಳ್ಳಿ. ಪಕ್ಕದಲ್ಲಿ ಕಾಲುವೆಯೋ ಕೆರೆಯೋ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಲೇಔಟ್ ಮಾಡಲು ಅರ್ಜಿ ಬಂದಿದೆ, ಫೈಲು ನಿಮ್ಮ ಮೇಜಿನ ಮೇಲಿದೆ ಅಂದುಕೊಳ್ಳಿ. ಅನುಮತಿ ಕೊಡಬಹುದಾ, ಬೇಡವಾ? ಯಾಕೆ? ಇದಕ್ಕೆ ಕಾರಣ ಸಮೇತ ಉತ್ತರ ಬರೆಯುವಷ್ಟು ಹೊತ್ತಿಗೆ ಅರ್ಧ ಸಿಲಬಸ್ ಮುಗಿದಿರುತ್ತದೆ.

ಹೊಸಬರಿಗಾಗಿ ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದೆ, ಅದರಡಿ ಕೌನ್ಸಿಲ್ ಇದೆ. ಪ್ಲಾನರ್‌ಗಳಿಗೆ ಅಂಥದ್ದೊಂದು ಕೇಂದ್ರ ಕಾಯ್ದೆ ಇಲ್ಲ. ಹಾಗಾಗಿ 1951ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್, ಇಂಡಿಯಾ, ಅಂದರೆ ಐಟಿಪಿಐ ಕೊಡುವ ಅಸೋಸಿಯೇಟ್ ಸದಸ್ಯತ್ವವೇ ನಮ್ಮ ವೃತ್ತಿಯ ಗುರುತು. ಮಾನ್ಯತೆ ಪಡೆದ ಪ್ಲಾನಿಂಗ್ ಪದವಿ ಇದ್ದವರಿಗೆ ಒಂದು ದಾರಿ, ಇಲ್ಲದವರಿಗೆ ಆ ಸಂಸ್ಥೆಯೇ ನಡೆಸುವ ಎಐಟಿಪಿ ಪರೀಕ್ಷೆಯ ದಾರಿ. ಶುಲ್ಕ, ಅರ್ಹತೆಯ ವಿವರ ಸಂಸ್ಥೆಯಿಂದಲೇ ನೇರವಾಗಿ ಪಡೆಯಿರಿ. ಗೆಳೆಯರು ಹೇಳಿದ್ದನ್ನು ನಂಬಿ ಕೂರಬೇಡಿ.

ಈಗ ಆ ಸರ್ವೆ ನಂಬರ್ ವಿಷಯಕ್ಕೆ ಬರೋಣ. ಗ್ರಾಮ ನಕಾಶೆ, ಪಹಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ) ಮೂರನ್ನೂ ಎದುರಿಗಿಟ್ಟುಕೊಳ್ಳಿ. ಖರಾಬು, ಅಂದರೆ ಸಾಗುವಳಿಗೆ ಸಿಗದ ಜಾಗ, ಎಷ್ಟಿದೆ ನೋಡಿ. ಅದರಲ್ಲಿ 'ಎ' ಯಾವುದು, 'ಬಿ' ಯಾವುದು? 'ಬಿ' ಖರಾಬು ಅಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. ಅದು ಜಮೀನಿನ ಮಾಲೀಕರದ್ದಲ್ಲ. ಲೇಔಟ್ ನಕ್ಷೆಯಲ್ಲಿ ಅದನ್ನೂ ಸೇರಿಸಿ ಸೈಟು ಎಣಿಸಿದ್ದರೆ ಮೊದಲ ಆಕ್ಷೇಪಣೆ ಅಲ್ಲೇ ಹುಟ್ಟಬೇಕು. ಎಷ್ಟೋ ಅಭ್ಯರ್ಥಿಗಳು ಭೂಬಳಕೆಯ ಸಿದ್ಧಾಂತಗಳನ್ನೆಲ್ಲ ಚೆನ್ನಾಗಿ ಹೇಳುತ್ತಾರೆ. ಕೈಗೆ ಪಹಣಿ ಕೊಟ್ಟರೆ ಸುಮ್ನಾಗಿಬಿಡುತ್ತಾರೆ. ಬೇಜಾರಾಗುತ್ತದೆ, ಯಾಕಂದರೆ ಇದು ಕಷ್ಟದ ವಿದ್ಯೆ ಏನಲ್ಲ.

ಮುಂದಿನದು ಎಲ್ಲರೂ ಎಡವುವ ಜಾಗ. "ಕನ್ವರ್ಷನ್ ಆಗಿದೆ, ಇನ್ನೇನು ತೊಂದರೆ?" ಅನ್ನುವ ಮಾತು ಕೇಳಿರುತ್ತೀರಿ. ಕನ್ವರ್ಷನ್ ಅನ್ನುವುದು 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್‌ಗೆ ಸೇರಿದ್ದು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಕಂದಾಯ ಇಲಾಖೆ ಕಡೆಯಿಂದ ಸಿಗುವ ಒಪ್ಪಿಗೆ ಅದು. ಮಾಸ್ಟರ್ ಪ್ಲಾನಿನಲ್ಲಿ ಆ ಜಾಗಕ್ಕೆ ಯಾವ ಬಣ್ಣ ಹಚ್ಚಿದೆ, ಅಂದರೆ ಅದನ್ನು ಯಾವ ಬಳಕೆಗೆ ಗುರುತಿಸಿದೆ ಅನ್ನುವುದು ಬೇರೆಯೇ ಪ್ರಶ್ನೆ. ಅದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ಬರುತ್ತದೆ. ಹಸಿರು ವಲಯವನ್ನು ವಸತಿಗೆ ಬದಲಾಯಿಸಬೇಕಾದರೆ ಅದೇ ಕಾಯ್ದೆಯ 14ಎ ಸೆಕ್ಷನ್ ನೋಡಬೇಕು. ಅದಕ್ಕೆ ಸಾರ್ವಜನಿಕ ಪ್ರಕಟಣೆ ಕೊಡಬೇಕು, ಜನರ ಆಕ್ಷೇಪಣೆ ಕೇಳಬೇಕು. ಜಮೀನು ತುಂಡು ಮಾಡಿ ಲೇಔಟ್ ಮಾಡುವುದಕ್ಕೆ 17ನೇ ಸೆಕ್ಷನ್. ಒಂದು ಕಾಗದ ಇನ್ನೊಂದರ ಕೆಲಸ ಮಾಡುವುದಿಲ್ಲ. ಈ ಸೆಕ್ಷನ್‌ಗಳಿಗೆಲ್ಲ ತಿದ್ದುಪಡಿ ಬರುತ್ತಲೇ ಇರುತ್ತದೆ. ಹಳೇ ನೋಟ್ಸಿನ ಜೆರಾಕ್ಸ್ ಓದದೆ, ಈಗ ಜಾರಿಯಲ್ಲಿರುವ ಪ್ರತಿ ತೆಗೆದು ಓದಿ.

ಆಮೇಲೆ ಆ ಕಾಲುವೆ. ಬೆಂಗಳೂರಿನ ಉದಾಹರಣೆ ಚೆನ್ನಾಗಿ ತಿಳಿದಿರಲಿ. 2015ರ ಹೆಸರಿನ ಪರಿಷ್ಕೃತ ಮಾಸ್ಟರ್ ಪ್ಲಾನಿನಲ್ಲಿ ರಾಜಕಾಲುವೆಗೆ ದರ್ಜೆಯ ಪ್ರಕಾರ 50, 25, 15 ಮೀಟರ್ ಬಫರ್, ಅಂದರೆ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ, ಇತ್ತು. ಅಳತೆ ಕಾಲುವೆಯ ನಡುವಿನಿಂದ. ಕೆರೆಗೆ 30 ಮೀಟರ್. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ ಅಂಚಿನಿಂದ 50, 35, 25 ಮೀಟರ್ ಎಂದಿತು. ಶಾಸನಬದ್ಧ ಮಾಸ್ಟರ್ ಪ್ಲಾನನ್ನು ಹೀಗೆ ಬದಲಿಸಲು ಬರುವುದಿಲ್ಲ ಎಂದು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಮೀಟರ್ ಲೆಕ್ಕವನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ವೈವಾದಲ್ಲಿ ಕೇಳುವುದು ಅದರ ಹಿಂದಿನದ್ದು. ನಡುವಿನಿಂದ ಅಳೆದರೆ ಏನಾಗುತ್ತದೆ, ಅಂಚಿನಿಂದ ಅಳೆದರೆ ಏನಾಗುತ್ತದೆ? ಕಾಲುವೆಯೇ 20 ಮೀಟರ್ ಅಗಲ ಇದ್ದರೆ, ನಡುವಿನಿಂದ ಅಳೆದ 25 ಮೀಟರ್‌ನಲ್ಲಿ 10 ಮೀಟರ್ ನೀರಿನಲ್ಲೇ ಹೋಯಿತು. ದಡದ ಮೇಲೆ ಉಳಿದದ್ದು 15. ಒಂದು ಚಿತ್ರ ಬರೆದು ಇದನ್ನು ತೋರಿಸಿ. ಜೊತೆಗೆ ಮಳೆಗಾಲದಲ್ಲಿ ಆ ಜಾಗಕ್ಕೆ ಹೋಗಿ ನಿಂತು ನೋಡಿ. ನೀರು ಎಲ್ಲಿವರೆಗೆ ಬರುತ್ತದೆ ಅಂತ ಅಕ್ಕಪಕ್ಕದ ತೋಟದವರನ್ನು ಕೇಳಿ. ನಕಾಶೆಯಲ್ಲಿ ಇಲ್ಲದ ಎಷ್ಟೋ ಸಂಗತಿ ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ಮೆಚ್ಚಿನ ಪ್ರಶ್ನೆ, ಮಾಸ್ಟರ್ ಪ್ಲಾನಿಗೆ ಒಪ್ಪಿಗೆ ಕೊಡುವವರು ಯಾರು? ಕಾಯ್ದೆ ಪ್ರಕಾರ ರಾಜ್ಯ ಸರ್ಕಾರ. ಆದರೆ 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿಯಲ್ಲಿ ನಗರ ಯೋಜನೆಯೇ ಮೊದಲ ಬಾಬತ್ತು. ಅಂದರೆ ಅದು ಚುನಾಯಿತ ನಗರ ಸಂಸ್ಥೆಯ ಕೈಗೆ ಬರಬೇಕಿತ್ತು, ಅಲ್ವಾ? ಇಲ್ಲಿ ಪಕ್ಷ ಹಿಡಿದು ವಾದಿಸಿ, ಪರವಾಗಿಲ್ಲ. ನಾನಂತೂ ನಗರ ಸಂಸ್ಥೆಯ ಕಡೆ. ಹತ್ತು ವರ್ಷಕ್ಕೊಮ್ಮೆಯಾದರೂ ಪ್ಲಾನ್ ಪರಿಷ್ಕರಿಸಬೇಕು ಎನ್ನುತ್ತದೆ ಕಾಯ್ದೆ. ಬೆಂಗಳೂರಿನ ಆ 2015ರ ಹೆಸರಿನ ಪ್ಲಾನ್ 2007ರಲ್ಲಿ ಒಪ್ಪಿಗೆ ಪಡೆದದ್ದು. 2031ರ ಕರಡು 2017ರಲ್ಲಿ ಹೊರಬಂತು, 2020ರಲ್ಲಿ ಅದನ್ನು ವಾಪಸ್ ಪಡೆದರು. ಹಳೆಯ ಪ್ಲಾನ್ ಇಟ್ಟುಕೊಂಡು ಬೆಳೆದ ಊರನ್ನು ನಡೆಸುವುದರ ಕಷ್ಟ ಏನು ಅನ್ನುವುದಕ್ಕೆ ನಿಮ್ಮ ಸರ್ವೆ ನಂಬರಿನಿಂದಲೇ ಒಂದು ಉದಾಹರಣೆ ಕೊಡಿ.

ಇತಿಹಾಸಕ್ಕೆ ಜಾಸ್ತಿ ಹೆದರಬೇಡಿ. 1898ರ ಬೆಂಗಳೂರಿನ ಪ್ಲೇಗ್, ಅದರ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ, 1903ರ ಮೈಸೂರಿನ ಇಂಪ್ರೂವ್‌ಮೆಂಟ್ ಟ್ರಸ್ಟ್. ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಕಸ-ಮಲ ಸಾಗಿಸುವ ಕಿರುದಾರಿ, ಯಾಕೆ ಬಿಟ್ಟರು ಅನ್ನುವುದು ಗೊತ್ತಿದ್ದರೆ ಸಾಕು.

ವೃತ್ತಿಧರ್ಮದ ಪ್ರಶ್ನೆಗೂ ಇದೇ ಜಮೀನು ಸಾಕು. ನಿಮ್ಮ ಕ್ಲೈಂಟ್ "ಕಾಲುವೆ ಈಗ ಮುಚ್ಚಿಹೋಗಿದೆ, ಡ್ರಾಯಿಂಗ್‌ನಲ್ಲಿ ತೋರಿಸಬೇಡಿ" ಅಂದರೆ ಏನು ಮಾಡುತ್ತೀರಿ? "ನಿರಾಕರಿಸುತ್ತೇನೆ" ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಬೇಡಿ. ಗ್ರಾಮ ನಕಾಶೆಯಲ್ಲಿರುವ ಕಾಲುವೆಯನ್ನು ಡ್ರಾಯಿಂಗ್‌ನಲ್ಲಿ ತೋರಿಸುತ್ತೇನೆ, ಜಾಗದಲ್ಲಿ ಮುಚ್ಚಿದೆ ಎಂದು ಷರಾ ಬರೆಯುತ್ತೇನೆ, ಸರ್ವೆ ಇಲಾಖೆಯಿಂದ ಜಂಟಿ ಅಳತೆಗೆ ಅರ್ಜಿ ಹಾಕಲು ಕ್ಲೈಂಟ್‌ಗೆ ಪತ್ರದ ಮೂಲಕ ತಿಳಿಸುತ್ತೇನೆ, ಅದಕ್ಕೂ ಒಪ್ಪದಿದ್ದರೆ ಕೆಲಸ ಬಿಡುತ್ತೇನೆ ಅಂತ ಹಂತ ಹಂತವಾಗಿ ಹೇಳಿ. ಆ ಪತ್ರದ ಒಂದು ಕರಡನ್ನು ಈಗಲೇ ಬರೆದು ಅಭ್ಯಾಸ ಮಾಡಿಕೊಳ್ಳಿ.